ಸಾಕು ಅಂದರೆ ಇನ್ನೊಂದು ಸೌಟು

ನಮ್ಮ ಕೇಂದ್ರದಲ್ಲಿ ಹಸುವಿನ ತೇಗಿಗೆ ಇರುವ ಮರ್ಯಾದೆ ಮನುಷ್ಯನ ಮಾತಿಗೆ ಇಲ್ಲ. ಹಸು ತೇಗಿದರೆ ಹಿಡಿಯಲು ಮೂಗಿನ ಹತ್ತಿರ ಒಂದು ಕೊಳವೆ, ಕೊಳವೆಯ ತುದಿಗೆ ಬೆನ್ನ ಮೇಲೊಂದು ಡಬ್ಬಿ, ಡಬ್ಬಿ ತುಂಬಿದ ಕೂಡಲೇ ಮಗುವಿನಂತೆ ಎತ್ತಿಕೊಂಡು ಓಡಲು ಬಿಳಿ ಕೋಟಿನವರೊಬ್ಬರು. ನಾನು ತೇಗಿದರೆ ಮಾತ್ರ ನನ್ನ ತಂಗಿ, ಆ ಕಡೆ ತಿರುಗಿ ತೇಗು ಎನ್ನುತ್ತಾಳೆ.

ಕೇಂದ್ರ ಎಂದರೆ ದನಗಳನ್ನು ಇಟ್ಟುಕೊಂಡು ಸಂಶೋಧನೆ ಮಾಡುವ ಜಾಗ. ಒಂದು ಕಡೆ ಉದ್ದನೆಯ ಕೊಟ್ಟಿಗೆ, ಇನ್ನೊಂದು ಕಡೆ ಗಾಜಿನ ಕಿಟಕಿಗಳ ಕಟ್ಟಡ, ಎರಡಕ್ಕೂ ನಡುವೆ ಕ್ಯಾಂಟೀನು. ದನಗಳು ಮೆಲುಕು ಹಾಕಿ ತೇಗಿದಾಗ ಹೊರಬರುವ ಗಾಳಿ ಮೇಲೆ ಹೋಗಿ ಭೂಮಿಯನ್ನು ಕಾಯಿಸುತ್ತದಂತೆ. ಆ ಗಾಳಿ ಹಿಂದಿನಿಂದ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಮೊದಮೊದಲು ನಾನೂ ತಪ್ಪು ತುದಿಯನ್ನೇ ನಂಬಿಕೊಂಡಿದ್ದೆ. ಬರುವುದು ಬಾಯಿಂದ. ಹಾಗಾಗಿ ಹಸುಗಳು ಕಡಿಮೆ ತೇಗಿ ಅಷ್ಟೇ ಹಾಲು ಕೊಡುವಂತೆ ಮಾಡುವುದು ಕೇಂದ್ರದ ಒಂದು ಕೆಲಸ. ಹಿಂಡಿ, ಮೇವು ಪೋಲಾಗದಂತೆ ನೋಡುವುದು ಇನ್ನೊಂದು. ಎಲ್ಲೋ ನೆಲ ಉತ್ತು, ನೀರು ಹಾಯಿಸಿ, ಲಾರಿಯಲ್ಲಿ ಹೇರಿ ತಂದ ಹಿಂಡಿ ಕೊನೆಗೆ ಗೋದಲಿಯ ಮೂಲೆಯಲ್ಲಿ ಹುಳಿ ಹಿಡಿದು ತಿಪ್ಪೆಗೆ ಬಿದ್ದರೆ, ಉತ್ತವನಿಂದ ಹಿಡಿದು ಲಾರಿಯವನವರೆಗೆ ಎಲ್ಲರೂ ದುಡಿದದ್ದು ತಿಪ್ಪೆಗೇ ಎಂದು ನಮ್ಮ ನಿರ್ದೇಶಕರು ಹೇಳುತ್ತಾರೆ. ಅವರು ಆಡಿದ ಮಾತುಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ. ಮಿಕ್ಕ ಮಾತಿಗೆಲ್ಲ ಅವರು 'ಸರಾಸರಿ' ಎಂಬ ಪದ ಬೆರೆಸುತ್ತಾರೆ. ಹೊರಗೆ ಮಳೆ ಬರ್ತಿದೆಯಾ ಸಾರ್ ಎಂದು ಕೇಳಿದರೂ ಕಿಟಕಿಯಾಚೆ ನೋಡಿ, ಸರಾಸರಿ ಬರ್ತಿದೆ ಎನ್ನುವವರು. ಅವರಿಗೆ ಸರಾಸರಿ ಸಾಹೇಬರು ಎಂದು ಹೆಸರು ಬಿದ್ದದ್ದು ಹೀಗೆ.

ನಾನು ಕೊಟ್ಟಿಗೆಯವನು. ವಯಸ್ಸಾಯಿತು ಎಂದು ಒಮ್ಮೆ ಮನೆಗೆ ಕಳಿಸಿದ್ದರು. ಆಮೇಲೆ ಹೊಸಬರಿಗೆ ಹಸುಗಳು ಒದೆಯುತ್ತವೆಂದು ವಾಪಸು ಕರೆಸಿಕೊಂಡರು. ನನಗೂ ಒದೆಯುತ್ತವೆ. ನಾನು ದೂರು ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ತಂಗಿ ಕ್ಯಾಂಟೀನಿನಲ್ಲಿ ಬಡಿಸುವವಳು. ಸೌಟಕ್ಕ ಎಂದರೆ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿದೆ. ಅವಳದೊಂದು ಕಾನೂನು ಇದೆ. ಸಾಕು ಎಂದವರಿಗೆ ಇನ್ನೊಂದು ಸೌಟು. ಸಾಕು ಸಾಕು ಎಂದವರಿಗೆ ಎರಡು. ತಟ್ಟೆಗೆ ಕೈ ಅಡ್ಡ ಹಿಡಿದವರಿಗೆ ಕೈಯ ಮೇಲೆಯೇ. ಯಾಕೆ ಹೀಗೆ ಎಂದರೆ, ಸಾಕು ಅನ್ನುವುದು ನಾಲಿಗೆ, ನಾನು ಬಡಿಸುವುದು ಹೊಟ್ಟೆಗೆ, ನಾಲಿಗೆಯ ಮಾತು ನಾನೇಕೆ ಕೇಳಲಿ ಎನ್ನುತ್ತಾಳೆ. ಅವಳ ಗಂಡ ಬಹಳ ವರ್ಷಗಳ ಹಿಂದೆ ತೀರಿಕೊಂಡ. ಪುಣ್ಯಾತ್ಮ ಹಸಿದು ಸಾಯಲಿಲ್ಲ ಎಂಬುದಕ್ಕೆ ಇಡೀ ಓಣಿ ಸಾಕ್ಷಿ.

ಹಾಗೆಂದು ಕೇಳಿ ಹಾಕಿಸಿಕೊಳ್ಳಲು ಹೋದರೆ ಕೆಟ್ಟಿರಿ. ಒಂದು ಸಲ ಹಾಕಿದ ಮೇಲೆ ಯಾರಾದರೂ ಬಾಯಿ ಬಿಟ್ಟು 'ಇನ್ನೂ ಹಾಕು' ಎಂದರೆ ಸೌಟು ಗಾಳಿಯಲ್ಲೇ ನಿಲ್ಲುತ್ತದೆ. ಕೇಳಿದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದೇನು ಹೊಟ್ಟೆಯೋ ಗುಡಾಣವೋ ಎಂದು ಮುಂದಿನವರ ತಟ್ಟೆಗೆ ಹೋಗುತ್ತಾಳೆ. ಕೊಟ್ಟಿಗೆಯ ಮೊದಲ ಸಾಲಿನ ದೊಡ್ಡ ಹೊಟ್ಟೆಯ ಹಸುವಿಗೆ ಗುಡಾಣ ಎಂಬ ಹೆಸರು ಬಂದದ್ದೂ ಅವಳ ಬಾಯಿಂದಲೇ.

ಈ ಸೌಟಿನ ಕೆಳಗೆ ಬೆಳೆದವಳು ಅವಳ ಮಗಳು. ನಾವು ಮೂವರೂ ಕೇಂದ್ರದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇರುತ್ತೇವೆ. ಮಗು ತಟ್ಟೆಯ ಮುಂದೆ ಕುಳಿತು ಸಾಕಮ್ಮಾ, ಸಾಕಮ್ಮಾ ಎಂದು ಅಳುವುದು, ತಟ್ಟೆಯಲ್ಲಿ ಗುಡ್ಡ ಏಳುವುದು, ಇವಳು ಅತ್ತ ತಿರುಗಿದಾಗ ಮಗು ಅರ್ಧ ಗುಡ್ಡವನ್ನು ಕಿಟಕಿಯಿಂದ ಹೊರಗಿನ ಕರುವಿಗೆ ದಾಟಿಸುವುದು, ಅವಳು ಚಿಕ್ಕವಳಿದ್ದಾಗ ಇದು ನಮ್ಮ ಮನೆಯ ದಿನಚರಿ. ಸ್ವಲ್ಪ ದೊಡ್ಡವಳಾದ ಮೇಲೆ ಒಂದು ದಿನ ನನ್ನ ಹತ್ತಿರ ಬಂದು, "ಈ ಮನೇಲಿ ಸಾಕು ಅನ್ನೋ ಮಾತಿಗೆ ಕಿವೀನೇ ಇಲ್ಲ ಮಾವ" ಎಂದಳು. ನನ್ನ ತಟ್ಟೆಯಲ್ಲೂ ಗುಡ್ಡ ಇತ್ತು.

ಅದನ್ನು ಅವಳು ಮರೆಯಲಿಲ್ಲ ಎಂದು ಗೊತ್ತಾದದ್ದು ಅವಳು ಯಂತ್ರದ ಓದು ಓದಿ ನಮ್ಮ ಕೇಂದ್ರಕ್ಕೇ ತಾತ್ಕಾಲಿಕ ಕೆಲಸಕ್ಕೆ ಸೇರಿದ ಮೇಲೆ. ಅವಳು ಕಟ್ಟಿದ ಯಂತ್ರ ಏನು ಮಾಡಬೇಕು ಎಂದರೆ, ಸಾಕು ಅಂದರೆ ನಿಲ್ಲಬೇಕು.

ನಾಲ್ಕು ಗಾಲಿಯ ಗಾಡಿ, ಮೇಲೆ ಹಿಂಡಿಯ ತೊಟ್ಟಿ, ಮುಂದಕ್ಕೆ ಬಾಗಿದ ಒಂದು ಸೊಂಡಿಲು, ಸೊಂಡಿಲಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ, ಒಂದು ಮೈಕು. ಗೋದಲಿಯ ಸಾಲಿನಲ್ಲಿ ಅದು ತಾನೇ ಸಾಗುತ್ತದೆ. ಕೊಟ್ಟಿಗೆಯವರ ಕೈಯೆಲ್ಲ ಸಗಣಿ, ಗುಂಡಿ ಒತ್ತುವ ಹಾಗಿಲ್ಲ. ಬಾಯಲ್ಲಿ ಹಾಕು ಎಂದರೆ ಸುರಿಯಬೇಕು, ಸಾಕು ಎಂದರೆ ನಿಲ್ಲಬೇಕು. ಒಂದು ಹಿಡಿ ಹೆಚ್ಚಲ್ಲ, ಒಂದು ಹಿಡಿ ಕಡಿಮೆಯಲ್ಲ. ಹಿಂಡಿ ಉಳಿಯುತ್ತದೆ, ತೇಗು ಇಳಿಯುತ್ತದೆ, ಗೋದಲಿಯಲ್ಲಿ ಹುಳಿ ವಾಸನೆ ಇರುವುದಿಲ್ಲ.

ತಂಗಿ ಅದನ್ನು ಸುತ್ತು ಹಾಕಿ ನೋಡಿದಳು. "ಅಳಿಯನ್ನ ಕರ್ಕೊಂಡು ಬಾ ಅಂದ್ರೆ ಇದನ್ನ ತಂದಿದಾಳೆ" ಎಂದಳು. ಅಂದಿನಿಂದ ಯಂತ್ರಕ್ಕೆ ಅಳಿಯ ಎಂದೇ ಹೆಸರು. ಮೂಲೆಯಲ್ಲಿ ನಿಂತಿರುತ್ತಿತ್ತು, ಕರೆಂಟು ಕುಡಿಯುತ್ತಿತ್ತು, ಬಟ್ಟೆಯಲ್ಲಿ ಒರೆಸಿ ಇಡಬೇಕಿತ್ತು, ಕೆಲಸ ಮಾತ್ರ ಇನ್ನೂ ಶುರು ಮಾಡಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಬಂದವರೆಲ್ಲ, ಅಳಿಯಂದಿರು ಎದ್ದರಾ ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು.

ಯಂತ್ರಕ್ಕೆ ಮಾತು ಕಲಿಸಬೇಕಿತ್ತು. ಒಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಕುಳಿತು ಅವಳು ನನಗೆ ಬಿಡಿಸಿ ಹೇಳಿದಳು. ಮಾತು ಒಂದೇ ಆದರೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹಾಕು, ಹಾಕಿ, ಒಂಚೂರು, ಹೂಂ, ಆಯ್ತು, ಸಾಕು, ಸಾಕ್ರೀ. ಪ್ರತಿಯೊಂದನ್ನೂ ತಾನು ಕೂತು ಹೇಳಿಕೊಡುವುದಕ್ಕೆ ಆಗುವುದಿಲ್ಲ. ಯಾರು ಏನು ಅಂದಾಗ ಬಡಿಸುವ ಕೈ ಏನು ಮಾಡುತ್ತದೆ ಎಂಬುದನ್ನು ಸಾವಿರಾರು ಸಲ ತೋರಿಸಿದರೆ ಅದು ತಾನೇ ಕಲಿಯುತ್ತದೆ. ಮಕ್ಕಳು ಕಲಿಯುವುದಿಲ್ಲವೇ, ಹಾಗೆ. ಹಾಕು, ಸಾಕು ಎಂಬ ಮಾತು ದಿನಕ್ಕೆ ನೂರಾರು ಸಲ ಬೀಳುವ ಜಾಗ ಎಂದರೆ ಕ್ಯಾಂಟೀನು. ಬಡಿಸುವ ಕಟ್ಟೆಯ ಮೇಲೆ ಒಂದು ಕ್ಯಾಮೆರಾ ಇಟ್ಟರೆ ಆಯಿತು.

ಸರಿ ಎಂದು ನಾನು ತಲೆಯಾಡಿಸಿದೆ. ಬಡಿಸುವವರು ಯಾರು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ. ಮನೆಯ ಗೋಡೆಯ ಬಿರುಕು ಮನೆಯವರಿಗೆ ಕಾಣುವುದಿಲ್ಲ, ನೆಂಟರಿಗೆ ಮೊದಲು ಕಾಣುತ್ತದೆ.

ಕ್ಯಾಮೆರಾ ಬಂದ ದಿನದಿಂದ ತಂಗಿ ಒಗೆದ ಬಟ್ಟೆಗಳಲ್ಲಿ ಒಳ್ಳೆಯದನ್ನೇ ಆರಿಸಿ ಉಡತೊಡಗಿದಳು. ಸೌಟು ಮೊದಲಿಗಿಂತ ಧಾರಾಳವಾಯಿತು. ಸುರಿದ ಮೇಲೆ ಕೊನೆಯಲ್ಲಿ ಮಣಿಕಟ್ಟನ್ನು ಒಂದು ಸಲ ಕೊಡವಿ, ಸೌಟಿನ ತಳದಲ್ಲಿ ಅಂಟಿದ್ದನ್ನೂ ಉದುರಿಸುವುದು ಅವಳ ಅಭ್ಯಾಸ. ಅದನ್ನು ಕ್ಯಾಮೆರಾದ ಕಡೆಗೆ ತಿರುಗಿಯೇ ಮಾಡುತ್ತಿದ್ದಳು.

ಕಲಿತದ್ದಾಯಿತು. ಪರೀಕ್ಷೆ ಗಾಜಿನ ಕಟ್ಟಡದಲ್ಲಿ ನಡೆಯಿತು. ಅಲ್ಲಿ ನೆಲಕ್ಕೆ ಹೊಸದಾಗಿ ಜಮಖಾನೆ ಹಾಸಿದ್ದರಿಂದ ಹಿಂಡಿ ಸುರಿಯಕೂಡದು ಎಂದು ಸರಾಸರಿ ಸಾಹೇಬರ ಅಪ್ಪಣೆ. ಹಾಗಾಗಿ ಖಾಲಿ ತೊಟ್ಟಿಯ ಮುಂದೆ ಒಬ್ಬೊಬ್ಬರೇ ನಿಂತು ಹಾಕು, ಸಾಕು ಎಂದರು; ಯಂತ್ರ ಕೇಳಿಸಿಕೊಂಡ ಮಾತು ಪರದೆಯ ಮೇಲೆ ಮೂಡಿತು. ಒಂದೂ ತಪ್ಪಾಗಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿ, ಸರಾಸರಿ ಅದ್ಭುತ ಎಂದರು. ಮಾತು ಕೇಳಿಸಿತು, ನಿಜ. ಕೇಳಿಸಿದ ಮೇಲೆ ಅದು ಏನು ಮಾಡುತ್ತದೆ ಎಂದು ಜಮಖಾನೆಯ ದೆಸೆಯಿಂದ ಯಾರೂ ನೋಡಲಿಲ್ಲ.

ಆಮೇಲೆ ಯಂತ್ರವನ್ನು ನೋಡಿ ತೀರ್ಮಾನ ಹೇಳುವ ಸಮಿತಿಯವರು ಬರುವ ಸುದ್ದಿ ಬಂತು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಮಗಳು ಇಲ್ಲಿಯೇ ಕಾಯಂ ಆಗುತ್ತಾಳೆ. ಒಪ್ಪದಿದ್ದರೆ ತಿಂಗಳ ಕೊನೆಗೆ ಅವಳು ಪೆಟ್ಟಿಗೆ ಕಟ್ಟಬೇಕು, ಅಳಿಯ ಗೋದಾಮಿಗೆ ಹೋಗಬೇಕು. ಗೋದಾಮಿನಲ್ಲಿ ಆಗಲೇ ಹಸುಗಳಿಗೆ ಸಂಗೀತ ಕೇಳಿಸುವ ಪೆಟ್ಟಿಗೆ ಇದೆ, ಬಾಲ ಬೀಸಿದ್ದನ್ನು ಎಣಿಸುವ ಕಂಬ ಇದೆ, ತಾನೇ ಬೆನ್ನು ತುರಿಸುತ್ತೇನೆಂದು ಬಂದು ಹಸುವಿನ ಬಾಲವನ್ನೇ ಸುತ್ತಿಕೊಂಡ ಬ್ರಷ್ಷು ಇದೆ. ಒಂದೊಂದನ್ನೂ ಒಬ್ಬೊಬ್ಬರು ಇದೇ ಮಗಳಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ್ದರು. ಅವರೆಲ್ಲ ಹೋಗುವಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬರ್ತೀನಿ ಎಂದದ್ದು ನನಗೆ ನೆನಪಿದೆ. ಯಾರೂ ಬರಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಊಟಕ್ಕೆ ಕುಳಿತಾಗ ಮಗಳು ತಟ್ಟೆಯ ಗುಡ್ಡವನ್ನು ನೋಡುತ್ತ, "ಸಾಕು ಅಂದ್ರೆ ನಿಲ್ಲೋದು ಈ ಲೋಕದಲ್ಲಿ ಒಂದಾದ್ರೂ ಇದೆ ಅಂತ ನಾಳೆ ತೋರಿಸ್ತೀನಮ್ಮ" ಎಂದಳು.

"ತೋರಿಸು" ಎಂದಳು ತಾಯಿ. "ನಿಲ್ಲೋದಕ್ಕೆ ಅಷ್ಟು ಓದ್ಬೇಕಿತ್ತಾ? ಕತ್ತೆನೂ ನಿಲ್ಲುತ್ತೆ."

ಸಮಿತಿಯಲ್ಲಿ ಮೂವರು. ಕನ್ನಡಕಕ್ಕೆ ಸರ ಕಟ್ಟಿಕೊಂಡ ಅಧ್ಯಕ್ಷೆ, ಬಿಳಿ ಬೂಟಿನವರೊಬ್ಬರು, ಬಾಯಲ್ಲಿ ಸದಾ ಬಿಸ್ಕತ್ತು ಇರುವವರೊಬ್ಬರು. ಕೊಟ್ಟಿಗೆಗೆ ಬಿಳಿ ಬೂಟು ಹಾಕಿಕೊಂಡು ಬಂದವರನ್ನು ನೋಡಿದಾಗಲೇ ಅವರಿಗೆ ದನದ ವಿಷಯ ಎಷ್ಟು ಗೊತ್ತೆಂದು ಗುಡಾಣಕ್ಕೂ ತಿಳಿದಿರಬೇಕು. ಯಂತ್ರಕ್ಕೆ ಮಾತು ಹೇಳುವ ಕೆಲಸ ನನ್ನದು. ಬೇರೆ ಯಾರನ್ನು ನಿಲ್ಲಿಸಿದರೂ ಬೇಡದ್ದು ಮಾತಾಡಿ ಯಂತ್ರದ ತಲೆ ಕೆಡಿಸುತ್ತಾರೆ, ಮಾವ ಹೇಳಿದಷ್ಟೇ ಹೇಳ್ತಾರೆ ಎಂದು ಮಗಳೇ ನನ್ನನ್ನು ಆರಿಸಿದ್ದಳು.

ಅಳಿಯ ಗುಡಾಣದ ಗೋದಲಿಯ ಮುಂದೆ ಬಂದು ನಿಂತ. ನಾನು ಹಾಕು ಎಂದೆ. ಹಿಂಡಿ ಬಿತ್ತು. ಅಧ್ಯಕ್ಷೆ ತಲೆದೂಗಿದರು. ಬೇಕಾದಷ್ಟು ಬಿದ್ದಮೇಲೆ ನಾನು ಸಾಕು ಎಂದೆ.

ಸೊಂಡಿಲು ಒಂದು ಕ್ಷಣ ನಿಂತಿತು. ಮಗಳ ಮುಖ ಅರಳಿತು. ಸೊಂಡಿಲು ಮತ್ತೆ ಬಾಗಿ ಇನ್ನೊಂದು ಪಾಲು ಸುರಿಯಿತು.

ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಸಾಕು ಸಾಕು ಎಂದೆ. ಎರಡು ಪಾಲು ಬಿತ್ತು. ಗೋದಲಿ ತುಂಬಿ ಹಿಂಡಿ ನೆಲಕ್ಕೆ ಇಳಿಯಿತು. ಸರಾಸರಿ ಸಾಹೇಬರು ಮುಂದೆ ಬಂದು ಸಾಕು ಎಂದರು, ಅವರಿಗೂ ಮರ್ಯಾದೆ ಸಂದಿತು. ಬಿಳಿ ಬೂಟಿನವರು ಅಯ್ಯೋ ಸಾಕ್ರೀ, ಸಾಕು ನಿಲ್ಸಿ ಎಂದು ಹಿಂದೆ ಸರಿದರು. ಸೊಂಡಿಲು ಅವರ ಕಡೆಗೆ ತಿರುಗಿ, ನೆಂಟರನ್ನು ಕಡೆಗಣಿಸಬಾರದಲ್ಲ, ಬೂಟಿನ ಮೇಲೆಯೇ ಬಡಿಸಿತು. ಬಿಸ್ಕತ್ತಿನವರು ಕೈ ಅಡ್ಡ ಹಿಡಿದರು. ಕೈಯ ಮೇಲೆ ಬಿತ್ತು. ಸಾಕು ಎನ್ನುವ ಬಾಯಿಗಳು ಹೆಚ್ಚಿದಂತೆಲ್ಲ ಅಳಿಯನ ಕೈ ಬಿಡುವಿಲ್ಲದಾಯಿತು.

ನಿಲ್ಲಿಸುವ ಗುಂಡಿ ಯಂತ್ರದ ಬೆನ್ನಿಗೆ, ಗೋಡೆಯ ಕಡೆಗಿತ್ತು. ಮಗಳು ಅತ್ತ ಓಡಿದಳು. ಅಷ್ಟರಲ್ಲಿ ಗುಡಾಣ ಇಂಥ ದಿನ ಮತ್ತೆ ಬಾರದೆಂದು ಹಗ್ಗ ಜಾರಿಸಿಕೊಂಡು, ಅಡ್ಡಗಂಬಿಯನ್ನು ಎದೆಯಿಂದ ತಳ್ಳಿ, ಓಣಿಗೆ ಇಳಿದು, ಯಂತ್ರಕ್ಕೂ ಗೋಡೆಗೂ ನಡುವೆ ಬೆಣೆ ಹೊಡೆದಂತೆ ನಿಂತಿತ್ತು. ಗುಡಾಣವನ್ನು ಸರಿಸುವುದಕ್ಕಿಂತ ಗೋಡೆಯನ್ನು ಸರಿಸುವುದು ಸುಲಭ. ಅದು ತಲೆ ಬಗ್ಗಿಸಿ ತಿನ್ನುತ್ತಲೇ ಇತ್ತು. ನನಗೆ ನಗು ಬರುವ ಹೊತ್ತಲ್ಲ ಅದು. ಒಣ ಹಿಂಡಿ ಅಷ್ಟು ತಿಂದರೆ ಹಸುವಿನ ಹೊಟ್ಟೆ ಉಬ್ಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ನಾನು ಅದರ ಕೊಂಬು ಹಿಡಿದು ಜಗ್ಗಿದೆ. ಅಧ್ಯಕ್ಷೆ ಧೈರ್ಯವಂತೆ, ಅವರೂ ಬಂದು ಇನ್ನೊಂದು ಕೊಂಬು ಹಿಡಿದರು. ಗುಡಾಣ ತಲೆಯೆತ್ತಿ ಅವರ ಮುಖಕ್ಕೆ ನೇರವಾಗಿ ತೇಗಿತು. ಅಲ್ಲಿಯವರೆಗೆ ಅಂಕಿಯಲ್ಲಿ ಮಾತ್ರ ಕಂಡಿದ್ದನ್ನು ಅವರು ಅಂದು ಮುಖತಃ ಸ್ವೀಕರಿಸಿದರು.

ಮಗಳು ಏದುಸಿರು ಬಿಡುತ್ತ ಹಿಂದಿರುಗಿ ಬಂದವಳು ಸೊಂಡಿಲನ್ನೇ ನೋಡುತ್ತ ನಿಂತುಬಿಟ್ಟಳು. ಅದು ಸುರಿಯಿತು, ಸುರಿದ ಮೇಲೆ ಕೊನೆಯಲ್ಲಿ ತುದಿಯನ್ನು ಒಂದು ಸಲ ಕೊಡವಿ, ಅಂಟಿದ್ದನ್ನೂ ಉದುರಿಸಿತು.

"ಅಮ್ಮ" ಎಂದಳು ಮಗಳು. ಕರೆದದ್ದಲ್ಲ. ಗುರುತು ಹಿಡಿದದ್ದು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮಗಳನ್ನು ದಾಟಿ ಯಂತ್ರಕ್ಕೆ ಇಳಿದಿತ್ತು. ನನಗೆ ಅದು ಹೊಳೆದದ್ದು ಅವಳ ಮುಖ ನೋಡಿದ ಮೇಲೆ. ಆದರೆ ಮುಂದಿನದು ನನಗೆ ಹೊಳೆಯಲಿಲ್ಲ, ಆ ಸೌಟಿನ ಕಾನೂನನ್ನು ಚಿಕ್ಕಂದಿನಿಂದ ಕಂಡುಂಡವಳಿಗೆ ಹೊಳೆಯಿತು.

"ಮಾವ, ಇನ್ನೂ ಹಾಕು ಅನ್ನಿ."

ಹುಡುಗಿಗೆ ತಲೆ ಕೆಟ್ಟಿತು ಎಂದುಕೊಂಡೆ.

"ಅನ್ನಿ ಮಾವ, ನಾಚಿಕೆ ಬಿಟ್ಟು ಕೇಳಿ."

ಮೊಣಕಾಲವರೆಗಿನ ಹಿಂಡಿಯಲ್ಲಿ ನಿಂತು ನಾನು ಇನ್ನೂ ಹಾಕು ಎಂದೆ. ಸೊಂಡಿಲು ಗಾಳಿಯಲ್ಲೇ ನಿಂತಿತು. ಕ್ಯಾಮೆರಾ ಮೆಲ್ಲಗೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಬಾಯಿ ಒಂದಿದ್ದರೆ ಏನನ್ನುತ್ತಿತ್ತು ಎಂದು ನನಗೆ ಗೊತ್ತು. ಆಮೇಲೆ ಸೊಂಡಿಲು ಮಡಚಿಕೊಂಡು ಮುಂದಿನ ಹಸುವಿನ ಕಡೆಗೆ ಹೊರಟಿತು. ಅದು ಸರಿದ ಜಾಗದಲ್ಲಿ ಮಗಳು ನುಗ್ಗಿ ಗುಂಡಿ ಒತ್ತಿದಳು.

ಅದೇ ಹೊತ್ತಿಗೆ ಸಮಿತಿಯವರಿಗೆ ಚಹಾ ತಂದ ತಂಗಿ ಬಾಗಿಲಲ್ಲಿ ನಿಂತಿದ್ದಳು. ಹಿಂಡಿಯ ರಾಶಿ ನೋಡಿದಳು, ಹೂತುಹೋದ ಬೂಟು ನೋಡಿದಳು, ಅಳಿಯನನ್ನು ನೋಡಿದಳು.

"ಚೆನ್ನಾಗೇ ಬಡಿಸ್ತಿತ್ತಲ್ಲ, ಯಾಕೆ ನಿಲ್ಲಿಸಿದ್ರಿ?" ಎಂದಳು.

ಗುಡಾಣವನ್ನು ದನದ ಡಾಕ್ಟರ ಕೈಗೆ ಒಪ್ಪಿಸಿ, ಅಂಗಳದಲ್ಲಿ ನಡೆದಾಡಿಸಿ, ಹೊಟ್ಟೆ ತಿಕ್ಕಿ, ಅಪಾಯವಿಲ್ಲ ಎಂದಾದ ಮೇಲೆ ವಿಚಾರಣೆ ನಡೆಯಿತು. ಮಗಳು ಏನನ್ನೂ ಮುಚ್ಚಿಡಲಿಲ್ಲ. ಯಂತ್ರ ಕಲಿತದ್ದರಲ್ಲಿ ತಪ್ಪಿಲ್ಲ, ಕಲಿಯಲು ಕೂರಿಸಿದ ಜಾಗದಲ್ಲಿ ತಪ್ಪಿದೆ, ಕೂರಿಸಿದವಳು ನಾನು ಎಂದಳು. ಕ್ಯಾಂಟೀನಿನಲ್ಲಿ ಬಡಿಸುವವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಚಹಾದ ತಟ್ಟೆ ಹಿಡಿದೇ ತಂಗಿ ಮುಂದೆ ಬಂದಳು. ಜನ ಸಾಕು ಎಂದಾಗ ನೀವೇಕೆ ನಿಲ್ಲಿಸುವುದಿಲ್ಲ ಎಂದು ಕೇಳಿದ್ದಕ್ಕೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಸಾಕು ಅಂದ್ರೆ ಸಾಕೋದು ಅಲ್ವಾ ಮೇಡಮ್ಮೋರೆ? ಹಸು ಸಾಕು, ನಾಯಿ ಸಾಕು ಅಂತೀವಿ. ಅವರು ಸಾಕು ಅಂದ್ರು, ನಾನು ಸಾಕ್ದೆ."

ಸರಾಸರಿ ಸಾಹೇಬರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷೆ ಕನ್ನಡಕದಿಂದ ಹಿಂಡಿಯ ಪುಡಿ ಒರೆಸುತ್ತ, ಊಟದ ಹೊತ್ತಾಯಿತಲ್ಲ, ನಡೆಯಿರಿ ಎಂದರು.

ಊಟದ ವಿಷಯ ಹೇಳುವುದೇ ಬೇಡ. ಅಧ್ಯಕ್ಷೆ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತಟ್ಟೆ ಹಿಡಿದು, ತೂಗಿ ನೋಡುವವರಂತೆ ಸಾಕು ಎಂದರು. ಅವರಿಗೂ ಒಂದು ಸೌಟು. ಸಾಕು ಸಾಕು ಎಂದರು. ಎರಡು. ಉಣ್ಣಲಾಗದೆ ತಟ್ಟೆ ಎತ್ತಿಕೊಂಡು ಎಸೆಯುವ ಡ್ರಮ್ಮಿನ ಬಳಿಗೆ ಹೋದವರು ಅದರೊಳಗೆ ಬಗ್ಗಿ ಬಹಳ ಹೊತ್ತು ನೋಡುತ್ತ ನಿಂತರು. ಅರ್ಧ ಕೇಂದ್ರದ ಊಟ ಅದರಲ್ಲಿತ್ತು. ಗೋದಲಿಯಲ್ಲಿ ಒಂದು ಹಿಡಿ ಹಿಂಡಿ ಉಳಿಯಬಾರದು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರೆಲ್ಲ ದಿನಾ ಮಧ್ಯಾಹ್ನ ಈ ಡ್ರಮ್ಮಿನಲ್ಲಿ ತಟ್ಟೆ ಕೊಡವಿ, ಕೈ ತೊಳೆದು, ಮತ್ತೆ ಹಿಂಡಿಯ ಚಿಂತೆಗೆ ಹೋಗುತ್ತಿದ್ದರು. ನಾನೂ ಅವರಲ್ಲಿ ಒಬ್ಬ.

ಅಧ್ಯಕ್ಷೆ ಹೊರಡುವ ಮುಂಚೆ ಮಗಳಿಗೆ ಹೇಳಿದ್ದು ಇಷ್ಟು. ಯಂತ್ರ ಕಂಡದ್ದನ್ನು ಕಂಡ ಹಾಗೆ ಕಲಿತಿದೆ, ಅದು ಸಣ್ಣ ಮಾತಲ್ಲ. ಸರಿಯಾಗಿ ಬಡಿಸುವುದನ್ನು ತೋರಿಸಿ ಹೊಸದಾಗಿ ಕಲಿಸು. ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇವೆ, ಅದೇ ಕೊನೆಯದು. ಅದುವರೆಗೆ ಕೆಲಸ ಇದೆ, ಆಮೇಲಿನದು ಅದರ ಮೇಲೆ.

ಬೇರೆ ಬಡಿಸುವವರನ್ನು ತರೋಣ ಎಂದು ಸರಾಸರಿ ಸಾಹೇಬರು ಸೂಚಿಸಿದರು. ತಂಗಿ ಸೌಟನ್ನು ಎದೆಗವಚಿಕೊಂಡು ನಿಂತ ಬಗೆ ನೋಡಿ ಆ ಮಾತನ್ನು ಅವರೇ ನುಂಗಿಕೊಂಡರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮನೆಗೆ ಬಂದ ಮೇಲೆ ತಂಗಿಯೇ ಮಾತು ತೆಗೆದಳು.

"ನಾನು ನಿಲ್ಲಿಸಿದ್ರೆ ನಿನ್ನ ಕೆಲಸ ಉಳಿಯುತ್ತಾ?"

"ಉಳೀಬಹುದು."

"ನಿಲ್ಲಿಸದಿದ್ರೆ?"

"ಗೋದಾಮು. ಅಳಿಯನೂ, ನಾನೂ."

ತಂಗಿ ಸೌಟನ್ನು ಮಗುಚಿ ನೋಡಿದಳು, ಅದರಲ್ಲೇನಾದರೂ ದೋಷವಿದೆಯೇ ಎಂಬಂತೆ. "ನಿಲ್ಲಿಸ್ತೀನಿ. ಆದ್ರೆ ಅರ್ಧ ಹೊಟ್ಟೇಲಿ ಎದ್ದೋರು ಹಾಕೋ ಶಾಪ ನಿನಗೇ ತಟ್ಟಲಿ" ಎಂದಳು.

ಅಭ್ಯಾಸಕ್ಕೆ ಸಿಕ್ಕವನು ನಾನು. ನನ್ನನ್ನು ತಟ್ಟೆಯ ಮುಂದೆ ಕೂರಿಸಿ ತಾಯಿ ಬಡಿಸುವುದು, ನಾನು ಸಾಕು ಎನ್ನುವುದು, ಮಗಳು ಪಕ್ಕದಲ್ಲಿ ನಿಂತು ನೋಡುವುದು. ಮೊದಲ ಸಲ ಬಲಗೈ ನಿಂತಿತು, ಎಡಗೈ ಇನ್ನೊಂದು ಪಾತ್ರೆಯಿಂದ ತಂದು ಹಾಕಿತು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೋ ಎಂದಳು ಮಗಳು. ಕಟ್ಟಿಕೊಂಡಳು. ಈ ಸಲ ಸೌಟು ನಿಂತಿತು, ಆದರೆ ಗಾಳಿಗೆ ಸಿಕ್ಕ ಎಲೆಯಂತೆ ನಡುಗಿ, ಅದರಿಂದ ಅರ್ಧ ತಾನಾಗಿ ತಟ್ಟೆಗೆ ಉದುರಿತು. ನಾನೇನೂ ಹಾಕಲಿಲ್ಲ, ಅದೇ ಬಿತ್ತು ಎಂದು ವಾದಿಸಿದಳು. ಹಸುಗಳನ್ನು ಪಳಗಿಸಿದ್ದೇನೆ, ಹಟಮಾರಿ ಹೋರಿಯನ್ನೂ ಪಳಗಿಸಿದ್ದೇನೆ. ಸಾಕು ಎಂದಾಗ ನಿಲ್ಲದ ಕೈಯನ್ನು ಪಳಗಿಸುವಷ್ಟು ಕಷ್ಟ ಕಾಣೆ. ಆ ದಿನಗಳಲ್ಲಿ ನನ್ನ ಹೊಟ್ಟೆ ಗುಡಾಣದ ಹೊಟ್ಟೆಗೆ ಸವಾಲು ಹಾಕುವಂತಿತ್ತು.

ಕಡೆ ಕಡೆಗೆ ಕೈ ನಿಂತಿತು. ಕ್ಯಾಂಟೀನಿನಲ್ಲೂ ನಿಂತಿತು. ಆಗ ಇನ್ನೊಂದು ಫಜೀತಿ. ಇಷ್ಟು ವರ್ಷ ಎಲ್ಲರೂ ಸಾಕು ಎಂದದ್ದು, ಹೇಗೂ ಇನ್ನೊಂದು ಸೌಟು ಬೀಳುತ್ತದೆ ಎಂಬ ಲೆಕ್ಕದ ಮೇಲೆ, ಒಂದು ಸೌಟು ಮೊದಲೇ. ಈಗ ಸಾಕು ಎಂದವರಿಗೆ ನಿಜಕ್ಕೂ ಸಾಕಾಯಿತು. ಬಿಳಿ ಕೋಟಿನವರು ಅರೆಹೊಟ್ಟೆಯಲ್ಲಿ ಡಬ್ಬಿ ಎತ್ತಿಕೊಂಡು ಓಡಿದರು. ಸರಾಸರಿ ಸಾಹೇಬರು ಬಾಗಿಲು ಮುಚ್ಚಿಕೊಂಡು, ಸಮಿತಿಗೆಂದು ತರಿಸಿದ್ದ ಬಿಸ್ಕತ್ತು ಮುಗಿಸಿದರು. ಸೌಟಕ್ಕನಿಗೆ ಏನೋ ಕೋಪ ಬಂದಿದೆ ಎಂದು ಇಡೀ ಕೇಂದ್ರ ಪಿಸುಗುಟ್ಟಿತು. ಇನ್ನೊಂಚೂರು ಹಾಕಿ ಎಂದು ಬಾಯಿ ಬಿಟ್ಟು ಕೇಳುವುದನ್ನು ದೊಡ್ಡ ದೊಡ್ಡ ಓದಿದವರು ಮಗುವಿನಂತೆ ಕಲಿಯಬೇಕಾಯಿತು. ಕೇಳಿದರೆ ಗುಡಾಣ ಎನ್ನಬಾರದು ಎಂದು ಮಗಳು ತಾಯಿಗೆ ಷರತ್ತು ಹಾಕಿದ್ದಳು. ತಂಗಿ ಬಾಯಿ ಬಿಗಿದು ಹಾಕುತ್ತಿದ್ದಳು. ಕಣ್ಣಿಗೆ ಷರತ್ತು ಇರಲಿಲ್ಲ, ಅದು ಅನ್ನಬೇಕಾದ್ದನ್ನು ಅನ್ನುತ್ತಿತ್ತು. ಎಸೆಯುವ ಡ್ರಮ್ಮು ಮಾತ್ರ ಹಗುರವಾಗುತ್ತ ಬಂತು. ಮೊದಲು ಇಬ್ಬರು ಎತ್ತುತ್ತಿದ್ದದ್ದನ್ನು ನಾನೊಬ್ಬನೇ ಕಾಲಲ್ಲಿ ತಳ್ಳಿಕೊಂಡು ಹೋಗುವಂತಾಯಿತು.

ಬೇಸಿಗೆ ಕಳೆದು ಸಮಿತಿ ಬಂತು. ಬಿಳಿ ಬೂಟಿನವರು ಕಪ್ಪು ಬೂಟು ಹಾಕಿಕೊಂಡು, ಬಾಗಿಲ ಹೊರಗೇ ನಿಂತರು. ಈ ಸಲ ಮಗಳು ಮೊದಲೇ ಹಿಂಡಿ ಸುರಿಸಿ ನೋಡಿದ್ದಳು, ಗುಂಡಿಯನ್ನೂ ಯಂತ್ರದ ಮುಂದಕ್ಕೆ ತಂದಿದ್ದಳು. ನಾನು ಹಾಕು ಎಂದೆ, ಬಿತ್ತು. ಸಾಕು ಎಂದೆ. ಸೊಂಡಿಲು ನಿಂತಿತು. ಒಂಚೂರು ನಡುಗಿತು. ಎರಡು ಕಾಳು ಉದುರಿತು. ಆಮೇಲೆ ನಿಂತೇ ಇತ್ತು. ಗುಡಾಣ ತಲೆಯೆತ್ತಿ, ನೀನೂ ಅವರ ಕಡೆ ಸೇರಿದೆಯಾ ಎಂಬಂತೆ ನನ್ನನ್ನು ನೋಡಿತು. ಅಧ್ಯಕ್ಷೆ ಅದರ ಬಾಯಿಗೆ ಅಡ್ಡವಿಲ್ಲದ ಜಾಗ ನೋಡಿಕೊಂಡು ನಿಂತು, ಆ ನಡುಕ ಯಾಕೆ ಎಂದು ಕೇಳಿದರು. ಅದು ಮನೆತನದ್ದು ಎಂದಳು ಮಗಳು. ಅವರು ನಕ್ಕರು. ಕಾಗದಕ್ಕೆ ಸಹಿ ಬಿತ್ತು, ಮಗಳು ಉಳಿದಳು.

ಅಂದು ಮಧ್ಯಾಹ್ನ ಕ್ಯಾಂಟೀನಿನ ಸಾಲು ಮುಗಿದ ಮೇಲೆ ನಾವು ಮೂವರೂ ಮನೆಯಲ್ಲೇ ಊಟಕ್ಕೆ ಕುಳಿತೆವು. ತಂಗಿ ಬಡಿಸುತ್ತಿದ್ದಳು. ಮಗಳು ಯಾವುದೋ ಯೋಚನೆಯಲ್ಲಿ, ಹುಟ್ಟಿದಂದಿನಿಂದ ಹೇಳಿದ ಹಾಗೆಯೇ, ಸಾಕಮ್ಮ ಎಂದಳು.

ಸೌಟು ನಿಂತಿತು. ಪಾತ್ರೆಗೆ ವಾಪಸು ಹೋಯಿತು. ಪಾತ್ರೆಗೆ ಮುಚ್ಚಳ ಬಿತ್ತು.

ಮಗಳು ತಟ್ಟೆ ನೋಡಿದಳು. ತಟ್ಟೆಯ ತಳ ಕಾಣುತ್ತಿತ್ತು. ಆ ಮನೆಯಲ್ಲಿ ಅವಳು ತಟ್ಟೆಯ ತಳ ಕಂಡದ್ದು ಅದೇ ಮೊದಲಿರಬೇಕು. ಅವಳಿಗೆ ಹಸಿವಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನನ್ನ ಮುಖ ನೋಡಿದಳು. ತಾಯಿ ಮಗಳ ನಡುವೆ ಬಾಯಿ ಹಾಕಿದವನು ಉದ್ಧಾರವಾದದ್ದನ್ನು ನಾನು ಕಾಣೆ. ನನ್ನ ತಟ್ಟೆಯನ್ನೇ ನೋಡಿಕೊಂಡೆ.

"ಅಮ್ಮ" ಎಂದಳು ಕೊನೆಗೆ, ಮೆಲ್ಲಗೆ. "ಇನ್ನೂ ಹಾಕು."

ತಂಗಿ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕ್ಯಾಂಟೀನಿನಲ್ಲಿ ಹಾಕಿದ್ದ ಷರತ್ತು ಮನೆಗೆ ಅನ್ವಯಿಸುವುದಿಲ್ಲ.

"ಅದೇನು ಹೊಟ್ಟೆನೋ, ಗುಡಾಣಾನೋ" ಎಂದಳು.

ಎಂದು, ಮುಚ್ಚಳ ತೆಗೆದು, ಒಂದು ಸೌಟು ಹಾಕಿದಳು. ಇನ್ನೊಂದು ಹಾಕಿದಳು. ಕೊನೆಯಲ್ಲಿ ಮಣಿಕಟ್ಟು ಕೊಡವಿದಳು. ತಟ್ಟೆಯಲ್ಲಿ ಗುಡ್ಡ ಎದ್ದಿತು. ಮಗಳು ಸಾಕು ಎನ್ನಲಿಲ್ಲ, ಬಗ್ಗಿ ತಿನ್ನುತ್ತಲೇ ಇದ್ದಳು.

ನಾನು ಆ ಕಡೆ ತಿರುಗಿ ತೇಗಿದೆ.